ಎರಡೇ ಉಳಿದಿವೆಯಂತೆ!

ಹೆಂಗಸರಿಗೆ ಕೊಳ್ಳುವ ಚಪಲ ಜಾಸ್ತಿ ಎಂಬ ಮಾತು ಬಹಳ ಹಳೆಯದು. ನಮ್ಮಿಂದ ಕೊಳ್ಳಿಸುವವರ ಚಪಲದ ಬಗ್ಗೆ ಮಾತ್ರ ಯಾರೂ ಅಷ್ಟು ಆಡಿಕೊಂಡಿದ್ದಿಲ್ಲ. ಮೊಬೈಲಿನ ಅಂಗಡಿಗಳು ಬಳಸುವ ಭಾಷೆಯನ್ನು ಒಂದು ಕಥೆ ಓದುವಷ್ಟೇ ನಿಧಾನವಾಗಿ ಓದಿದಾಗ ನನಗೆ ಹಾಗನ್ನಿಸಿತು.

ನಮ್ಮೂರ ಜವಳಿ ಅಂಗಡಿಯವನೇನೂ ಹರಿಶ್ಚಂದ್ರನಲ್ಲ. ನಲವತ್ತು ಸೀರೆ ಬಿಡಿಸಿ ಹಾಕಿ, "ಅಕ್ಕಾ, ಈ ಬಣ್ಣ ನಿಮಗೇಂತ ಬಂದಿದ್ದು" ಎನ್ನುತ್ತಾನೆ. ಪಕ್ಕದಲ್ಲಿ ಕೂತವರಿಗೂ ಅದೇ ಮಾತು. ಆದರೆ ಬಣ್ಣ ಬಿಟ್ಟರೆ ಮರುದಿನ ಆ ಸೀರೆ ಹಿಡಿದು ಅವನೆದುರು ನಿಲ್ಲಬಹುದು. ಮೊಬೈಲಿನ ಅಂಗಡಿಗೆ ಮುಖವೇ ಇಲ್ಲ. ನಾವು ನಿನ್ನೆ ಯಾವ ಕುಕ್ಕರ್ ನೋಡಿದೆವು, ಯಾವುದನ್ನು ಬಿಟ್ಟೆವು ಎಂಬುದೆಲ್ಲ ಅದಕ್ಕೆ ಗೊತ್ತು. ಇವತ್ತು ಅದೇ ಕುಕ್ಕರ್ ಎದುರು ಬಂದು, "ಎರಡೇ ಉಳಿದಿವೆ" ಎಂದು ಅವಸರಪಡಿಸುತ್ತದೆ.

ಇದು ನನ್ನೊಬ್ಬಳ ಅನುಮಾನವಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಉಪಾಯಗಳನ್ನು 'ಡಾರ್ಕ್ ಪ್ಯಾಟರ್ನ್' ಎಂದು ಪಟ್ಟಿಮಾಡಿ ನಿಷೇಧಿಸಿತು. ಇಲ್ಲದ ಅವಸರ ಹುಟ್ಟಿಸುವುದು, ಕೇಳದೆಯೇ ಬುಟ್ಟಿಗೆ ವಿಮೆಯನ್ನೋ ದಾನದ ಹಣವನ್ನೋ ಸೇರಿಸುವುದು, ದುಡ್ಡು ಕಟ್ಟುವ ಹೊತ್ತಿಗೆ ಬೆಲೆ ಏರಿಸುವುದು ಎಲ್ಲ ಅದರಲ್ಲಿವೆ. ಚಂದಾದಾರರಾಗಲು ಒಂದೇ ಬಾಗಿಲು, ಹೊರಬರಲು ಅಭಿಮನ್ಯುವಿನ ಪಾಡು ಎಂಬುದೂ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನಾಚಿಕೆಪಡಿಸುವ ಉಪಾಯ. ಸರ್ಕಾರವೇ ಕೊಟ್ಟ ಉದಾಹರಣೆ ಹೀಗಿದೆ: ವಿಮಾನದ ಟಿಕೆಟ್ ಕೊಳ್ಳುವಾಗ ವಿಮೆ ಬೇಡವೆಂದರೆ, ತಾನು ಸುರಕ್ಷಿತವಲ್ಲದೆಯೇ ಇರುತ್ತೇನೆಂದು ಕೊಳ್ಳುವವರೇ ಒಪ್ಪಿಕೊಳ್ಳಬೇಕು! 'ಬೇಡ' ಎಂಬ ಎರಡಕ್ಷರಕ್ಕೆ ಇಷ್ಟು ದಂಡ. ಬೇಡವೆನ್ನಲು ಸಂಕೋಚಪಡುವಂತೆಯೇ ಬೆಳೆದ ನಮಗೆ ಈ ಬಾಣ ತಾಗದೆ ಇರುತ್ತದೆಯೇ? ಮಗುವಿನ ಬುದ್ಧಿಗೊಂದು ಪುಡಿ, ಯಜಮಾನರ ಹೃದಯಕ್ಕೊಂದು ಎಣ್ಣೆ. ಕೊಳ್ಳದಿದ್ದರೆ ನಮ್ಮ ಪ್ರೀತಿಯೇ ಕಡಿಮೆ ಎಂಬ ಧಾಟಿ. ಟೀವಿ ಜಾಹೀರಾತೂ ಇದನ್ನೇ ಹೇಳುತ್ತಿತ್ತು, ನಿಜ. ಆದರೆ ಅದು ಊರಿಗೆಲ್ಲ ಹೇಳುತ್ತಿತ್ತು. ಇದು ನಮ್ಮೊಬ್ಬರ ಕಿವಿಯಲ್ಲಿ, ನಮ್ಮ ದೌರ್ಬಲ್ಯ ನೋಡಿಕೊಂಡು ಹೇಳುತ್ತದೆ.

ಇನ್ನು, ನಮ್ಮ ಹಾಗೆಯೇ ಅಡುಗೆಮನೆಯಲ್ಲಿ ನಿಂತು ಮಿಕ್ಸಿ ಹೊಗಳುವ ವಿಡಿಯೋ ಗೆಳತಿಯರು. ಪಕ್ಕದ ಮನೆಯ ಸರೋಜಮ್ಮ ಮಿಕ್ಸಿ ಹೊಗಳಿದರೆ ಅವರಿಗೆ ಸಿಗುವುದು ಒಂದು ಲೋಟ ಕಾಫಿ ಮಾತ್ರ. ದುಡ್ಡು ಪಡೆದು ಹೊಗಳುವವರು ಅದು ಜಾಹೀರಾತೆಂದು ಹೇಳಲೇಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಮಾರ್ಗಸೂಚಿ ತಂದಿತು. ಆ ಪದ ಎಲ್ಲಿದೆಯೆಂದು ಹುಡುಕುವ ಕಣ್ಣು ನಮಗಿರಬೇಕು.

ಹಾಗೆಂದು ಮೊಬೈಲಿನ ಅಂಗಡಿಯನ್ನು ಪೂರ್ತಿ ತೆಗಳಲಾರೆ. ಒಳ ಉಡುಪು ಕೊಳ್ಳಲು ಗಂಡಸರೇ ತುಂಬಿದ ಅಂಗಡಿಯಲ್ಲಿ ತಲೆತಗ್ಗಿಸಿ ನಿಲ್ಲುವ ಕಷ್ಟ ಅದರಿಂದ ತಪ್ಪಿದೆ. ನಾಲ್ಕು ಕಡೆ ಬೆಲೆ ಹೋಲಿಸಿ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಅದು ಸಣ್ಣ ಸ್ವಾತಂತ್ರ್ಯವೇನಲ್ಲ. ಅದನ್ನು ಕೊಟ್ಟ ಕೈಯೇ ನಮ್ಮ ವಿವೇಚನೆಯನ್ನೂ ಕಸಿಯಬಾರದು, ಅಷ್ಟೆ. ಮೋಸವೆನಿಸಿದರೆ ದೂರಲು 1915 ಎಂಬ ಗ್ರಾಹಕ ಸಹಾಯವಾಣಿ ಇದೆ. ಅದಕ್ಕೂ ಮೊದಲು, ಎರಡೇ ಉಳಿದಿವೆ ಎಂದಾಗ ಒಂದು ರಾತ್ರಿ ಕಾದು ನೋಡಿ. ಬೆಳಿಗ್ಗೆಯೂ ಎರಡೇ ಉಳಿದಿದ್ದರೆ ನಕ್ಕುಬಿಡಿ.