ಗೆರೆಯ ಎಣಿಕೆಯೂ ಲಿಪಿಯ ಓದೂ

ಸಿಂಧೂ ಮುದ್ರೆಗಳಲ್ಲಿ ಸಾಲುಗಟ್ಟಿ ನಿಂತ ಪುಟ್ಟ ಗೆರೆಗಳಲ್ಲಿ ಕೆಲವಾದರೂ ಎಣಿಕೆಯ ಗುರುತುಗಳು ಎನ್ನುವುದನ್ನು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಜಗಳ ಹುಟ್ಟುವುದು ಸಂಖ್ಯೆಗಳ ಹೆಗಲೇರಿ ಭಾಷೆಯನ್ನು ನಿರ್ಧರಿಸಲು ಹೊರಟಾಗ. ಲೋಥಲ್‌ನ ಉತ್ಖನನ ನಡೆಸಿದ ನಮ್ಮ ನಾಡಿನ ಪುರಾತತ್ವಜ್ಞ ಎಸ್. ಆರ್. ರಾವ್ 1982ರ ತಮ್ಮ ಗ್ರಂಥದಲ್ಲಿ ಸಿಂಧೂ ಚಿಹ್ನೆಗಳನ್ನು ಪಶ್ಚಿಮ ಏಷ್ಯಾದ ಪ್ರಾಚೀನ ಅಕ್ಷರಗಳ ಆಕಾರಕ್ಕೆ ಹೋಲಿಸಿ ಉಚ್ಚಾರ ಕೊಟ್ಟರು; ಆ ಓದಿನಿಂದ ಏಕ, ಚತುಸ್, ಸಪ್ತ, ದಶ, ಶತ ಎಂಬಂಥ ಸಂಖ್ಯಾಪದಗಳು ಹೊರಬಂದವು. ಅವರ ಶ್ರಮ ದೊಡ್ಡದು, ಲೋಥಲ್ ನಮಗೆ ಕೊಟ್ಟ ಅರಿವು ಇನ್ನೂ ದೊಡ್ಡದು. ಆದರೆ ಅಕ್ಷರ ಕೂಡಿಸಿ ಪಡೆದ ‘ಸಪ್ತ’ ನಿಜವಾಗಿ ಏಳೇ ಆಗಿದ್ದರೆ, ಏಳು ಗೆರೆ ಬರುವ ಜಾಗದಲ್ಲಿ ಅದು ಬದಲಿಯಾಗಿ ಬರಬೇಕು. ಅಂಥ ಅದಲುಬದಲಿನ ಆಧಾರವಿಲ್ಲದೆ, ಪರಿಚಿತವಾಗಿ ಕೇಳಿಸುತ್ತದೆ ಎಂಬ ಮಾತ್ರಕ್ಕೆ ಒಂದು ಓದು ಸಾಧಿತವಾಗದು. ರಾವ್ ಅವರ ಓದಿಗೆ ವಿದ್ವತ್ ಲೋಕದ ಸಮ್ಮತಿ ಸಿಗಲಿಲ್ಲ.

ಕುಂದಾಣ, ದೇವನಹಳ್ಳಿ ಸೀಮೆಯ ಶಾಸನಗಳನ್ನು ಓದುವವರಿಗೆ ಇಂಥ ಪರೀಕ್ಷೆ ಹೊಸದಲ್ಲ. ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದ ಈ ಭಾಗದ ಶಾಸನಗಳಲ್ಲಿ ಹಲವು, ಶಕವರ್ಷದ ಜೊತೆಗೆ ಸಂವತ್ಸರ, ಮಾಸ, ತಿಥಿ, ವಾರಗಳನ್ನೂ ಹೇಳುತ್ತವೆ. ಕಲ್ಲಿನಲ್ಲಿ ಶಕ 1200, ಬಹುಧಾನ್ಯ ಎಂದಿದ್ದರೆ ಅದು ಗತವರ್ಷದ, ಅಂದರೆ ಮುಗಿದ ವರ್ಷಗಳ ಲೆಕ್ಕ, ಕ್ರಿ.ಶ. 1278–79. ಈಶ್ವರ ಎಂದಿದ್ದರೆ ವರ್ತಮಾನ ವರ್ಷದ, ಅಂದರೆ ನಡೆಯುತ್ತಿರುವ ವರ್ಷದ ಲೆಕ್ಕ, ಒಂದು ವರ್ಷ ಹಿಂದಕ್ಕೆ. ಬೇರೆ ಇನ್ನಾವುದೋ ಹೆಸರಿದ್ದರೆ ಅಂಕಿ ಸವೆದಿದೆಯೋ, ಓದಿದವರು ಎಡವಿದರೋ, ಶಾಸನವೇ ಕೂಟಶಾಸನವೋ ಎಂದು ವಿಚಾರಿಸಬೇಕಾಗುತ್ತದೆ. ಅರವತ್ತು ವರ್ಷದ ಚಕ್ರ, ಏಳು ದಿನದ ವಾರ, ಚಂದ್ರನ ತಿಥಿ, ತಂತಮ್ಮ ಗತಿಯಲ್ಲಿ ತಿರುಗುವ ಇವೆಲ್ಲ ಒಂದೇ ದಿನದಲ್ಲಿ ಕೂಡಿಬಂದರೆ ಓದಿಗೆ ಬಲ ಬರುತ್ತದೆ. ಮಾಯಾ ಲಿಪಿಯಲ್ಲಿ ಆದದ್ದೂ ಇದೇ. ಡ್ರೆಸ್ಡೆನ್‌ನ ಗ್ರಂಥಪಾಲಕ ಅರ್ನ್ಸ್ಟ್ ಫೋರ್ಸ್ಟೆಮಾನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಮಾಯಾ ಹಸ್ತಪ್ರತಿಯ ಚುಕ್ಕೆ–ಗೆರೆಗಳ ಲೆಕ್ಕವನ್ನೂ ಪಂಚಾಂಗವನ್ನೂ ಬಿಡಿಸಿದಾಗ ಲಿಪಿಯ ಉಚ್ಚಾರ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಅದರಲ್ಲಿ ಕಂಡ 584 ದಿನಗಳ ಎಣಿಕೆ ಸರಿ ಎಂದು ಸಾಕ್ಷಿ ನುಡಿದದ್ದು ಆಕಾಶದ ಶುಕ್ರಗ್ರಹ. ಉಚ್ಚಾರಕ್ಕೆ ಯೂರಿ ಕ್ನೊರೊಜೊವ್ ದಾರಿ ತೋರಿದ್ದು 1952ರಲ್ಲಿ.

ಸಿಂಧೂ ಲಿಪಿಗೆ ಮರಳಿದರೆ, ವಿದ್ವಾಂಸ ಆಸ್ಕೊ ಪಾರ್ಪೋಲಾ ಅವರ ಓದು ರಾವ್ ಅವರದಕ್ಕಿಂತ ಎಚ್ಚರದ್ದು. ದ್ರಾವಿಡದಲ್ಲಿ ಮೀನ್ ಎಂದರೆ ನಕ್ಷತ್ರವೂ ಹೌದು. ಹಾಗಾಗಿ ಆರು ಗೆರೆ ಮತ್ತು ಮೀನು ಕೃತ್ತಿಕೆ, ಏಳು ಗೆರೆ ಮತ್ತು ಮೀನು ಸಪ್ತರ್ಷಿ ಎನ್ನುತ್ತಾರೆ. ಮನಸ್ಸು ಸೆಳೆಯುವ ಊಹೆ. ಆದರೂ ಇದನ್ನು ತಾಳೆ ನೋಡಲು ಮುದ್ರೆಯಲ್ಲಿ ತಿಂಗಳಿಲ್ಲ, ಋತುವಿಲ್ಲ, ಗ್ರಹಣವಿಲ್ಲ. ಸಿಂಧೂ ಬರಹಗಳು ಸರಾಸರಿ ಐದು ಚಿಹ್ನೆಗಳಷ್ಟೇ ಇರುವಾಗ ಇಷ್ಟು ಸಾಕ್ಷ್ಯ ಕೇಳುವುದು ಅತಿಯಲ್ಲವೇ ಎಂದು ಆಕ್ಷೇಪಿಸಬಹುದು. ಆದರೆ ಬರಹ ಚಿಕ್ಕದಾದಷ್ಟೂ ಅದಕ್ಕೆ ಒಗ್ಗುವ ಊಹೆಗಳು ಹೆಚ್ಚು. ಆದ್ದರಿಂದ ಅಲ್ಲಿ ಪರೀಕ್ಷೆ ಇನ್ನಷ್ಟು ಬಿಗಿಯಾಗಬೇಕು, ಸಡಿಲವಾಗಬಾರದು.

ಸಿಂಧೂ ಬರಹ ಲಿಪಿಯೇ ಅಲ್ಲ ಎಂದು 2004ರಲ್ಲಿ ಫಾರ್ಮರ್, ಸ್ಪ್ರೋಟ್, ವಿಟ್ಜೆಲ್ ವಾದಿಸಿದರು. ಅವರ ಮಾತೇ ನಿಂತರೂ ಎಣಿಕೆಯ ಗೆರೆಗಳು ಎಣಿಕೆಯಾಗಿಯೇ ಉಳಿಯುತ್ತವೆ, ಅದಕ್ಕೆ ಭಾಷೆಯ ಹಂಗಿಲ್ಲ. ಹರಪ್ಪಾದ ಪುಟ್ಟ ಫಲಕಗಳಲ್ಲಿ ಗಡಿಗೆಯಂಥ ಒಂದೇ ಚಿಹ್ನೆಯ ಪಕ್ಕ ಎರಡು, ಮೂರು, ನಾಲ್ಕು ಗೆರೆಗಳು ಬದಲಾಗುತ್ತ ಬರುತ್ತವೆ. ವಸ್ತು ಸ್ಥಿರ, ಪ್ರಮಾಣ ಚರ. ಯಾವ ನುಡಿಯನ್ನೂ ಆರೋಪಿಸದೆ ಇಷ್ಟನ್ನು ಇಂದೇ ಓದಬಹುದು.