ಗಂಡು ನೊಣದ ಚಪಲಕ್ಕೊಂದು ಡಬ್ಬಿ

ಕರಡಿಧಾಮವಿರುವ ಗುಡೇಕೋಟೆ ಎಂದರೆ ಹಣ್ಣುಬಾಕ ಕರಡಿಯೇ ನೆನಪಾಗುತ್ತದೆ. ಆದರೆ ಇಂಥ ಸೀಮೆಯಲ್ಲಿ ಮಾವು, ಸೀಬೆ ಬೆಳೆಸುವವರು ಅಂಜಬೇಕಾದ ಹಣ್ಣುಬಾಕ ಬೇರೆಯೇ ಇದೆ: ಹಣ್ಣಿನ ನೊಣ. ಹೆಣ್ಣು ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಟ್ಟ ಮೇಲೆ ಹುಳುವಿಗೆ ಯಾವ ಔಷಧಿಯೂ ಸುಲಭಕ್ಕೆ ತಾಗದು.

ಅದಕ್ಕೇ ಕೊಂಬೆಗೆ ತೂಗುಬಿಟ್ಟ ಆ ಪ್ಲಾಸ್ಟಿಕ್ ಡಬ್ಬಿ, ಮೋಹಕ ಬಲೆ, ನನಗೆ ಬಲು ಮೆಚ್ಚು. ಅದರ ಗುರಿ ಹೆಣ್ಣಲ್ಲ, ಗಂಡು. ಒಳಗಿನ ಪ್ಲೈವುಡ್ ತುಂಡಿಗೆ ಮೀಥೈಲ್ ಯೂಜೆನಾಲ್, ಜೊತೆಗೆ ಕೀಟನಾಶಕ ಉಣಿಸಿರುತ್ತಾರೆ. ಮೀಥೈಲ್ ಯೂಜೆನಾಲ್ ತುಳಸಿಯಲ್ಲೂ ಇರುವ ಪರಿಮಳ. ಗಂಡು ಇದನ್ನು ತಿಂದು, ಮೈಯೊಳಗೆ ಮಾರ್ಪಡಿಸಿ, ಹಿಂಬದಿಯ ಗ್ರಂಥಿಯಲ್ಲಿ ಕೂಡಿಡುತ್ತದೆ. ಮುಸ್ಸಂಜೆ ರೆಕ್ಕೆ ಅದುರಿಸಿ ಅತ್ತರಿನಂತೆ ಹರಡಿ ಹೆಣ್ಣನ್ನು ಕರೆಯುತ್ತದೆ. ತಿಂದವನಿಗೇ ಜೋಡಿ ಸಿಗುವ ಸಂಭವ ಹೆಚ್ಚು. ಪಾಪ, ಮದುವೆಗೆ ಸಿಂಗರಿಸಿಕೊಳ್ಳಲು ಬಂದವನು ಡಬ್ಬಿಯಲ್ಲೇ ಸಾಯುತ್ತಾನೆ!

ಈ ಸೆಳೆತವನ್ನು ನೂರು ವರ್ಷಗಳ ಹಿಂದೆಯೇ ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಹೌಲೆಟ್ ಗುರುತಿಸಿದ್ದರು. ನಮ್ಮ ಕಡೆಯ ಈ ನೊಣ 2003ರಲ್ಲಿ ಕೀನ್ಯಾದಲ್ಲಿ ಕಾಣಿಸಿಕೊಂಡು ಆಫ್ರಿಕಾದುದ್ದಕ್ಕೂ ಹಬ್ಬಿದಾಗ, ಅಲ್ಲೂ ಇದೇ ವಾಸನೆ ಬಳಕೆಗೆ ಬಂತು.

ಒಂದು ಮಾತು: ಆಗಲೇ ಕೂಡಿದ ಹೆಣ್ಣಿಗೆ ಈ ಬಲೆ ಲೆಕ್ಕಕ್ಕಿಲ್ಲ. ಕಾಯಿ ಬಲಿಯುವ ಮೊದಲೇ ಕಟ್ಟಬೇಕು, ಅಕ್ಕಪಕ್ಕದ ತೋಟದವರೂ ಕಟ್ಟಬೇಕು, ಉದುರಿದ ಹಣ್ಣನ್ನು ಆರಿಸಿ ಆಳಕ್ಕೆ ಹೂಳಬೇಕು.