ಹಿಟ್ಟಿನ ಕೋಳಿಯೂ ಬಂಗಾರದ ಬಟ್ಟಲೂ

ಕೊರಟಗೆರೆ, ತೋವಿನಕೆರೆ ಮೊದಲಾದ ಊರುಗಳ ಹೆಸರಿನಲ್ಲಿಯೇ ಕೆರೆಯು ಅಡಗಿರುವುದು. ಜಯಮಂಗಲಿಯು ದೇವರಾಯನದುರ್ಗದಲ್ಲಿ ಹುಟ್ಟಿ ಈ ಸೀಮೆಯ ಮೂಲಕವೇ ಹರಿದುಹೋಗುವುದಾದರೂ ಅದನ್ನು ನಂಬಿ ಬದುಕುವಂತಿಲ್ಲ; ಮಧುಗಿರಿ, ಶಿರಾ, ಪಾವಗಡಗಳ ಕಡೆಗೆ ಹೋದಂತೆ ಮಳೆಯ ಆಸೆಯೂ ಕುಗ್ಗುತ್ತ ಬರುವುದು. ಇಂತಹ ಸೀಮೆಯ ಮನೆಗಳಲ್ಲಿ ‘ಕೆರೆಗೆ ಹಾರ’ವೆಂಬ ಜನಪದ ಕಥನಗೀತವನ್ನು ಓದುವವರಿಗೆ, ಕೆರೆಯನ್ನು ಕಟ್ಟಿಸಿ ಅದರಲ್ಲಿ ಹನಿ ನೀರನ್ನು ಕಾಣದ ಗೌಡನ ಸಂಕಟವೆಂಥದೆಂದು ಯಾರೂ ವಿವರಿಸಬೇಕಾಗಿಲ್ಲ. ಆ ಹಾಡನ್ನು ತಪ್ಪಾಗಿ ಓದುವ ಅಪಾಯವೂ ಇಂತಹ ಸೀಮೆಯಲ್ಲಿಯೇ ಹೆಚ್ಚು. ನೀರಿನ ಬೆಲೆಯನ್ನು ಬಲ್ಲವನು, ಆ ನೀರಿಗಾಗಿ ತೆತ್ತ ಬೆಲೆಯನ್ನು ಬೇಗನೆ ಒಪ್ಪಿಬಿಡುವನು.

ಕಥೆಯು ಬಹುಮಂದಿಗೆ ತಿಳಿದಿರುವುದೇ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿ ನೋಡಲಾಗಿ, ಮನೆಯ ಸೊಸೆಯನ್ನು ಹಾರವಾಗಿ ಕೊಡಬೇಕೆಂದು ತಿಳಿದುಬಂದಿತು. ಹಿರಿಯ ಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಕೇಡೆಂದು ಕಿರಿಯ ಸೊಸೆ ಭಾಗೀರಥಿಯನ್ನು ಗೊತ್ತುಮಾಡಿದರು. ಅವಳ ಗಂಡ ಮಾದೇವರಾಯನು ದಂಡಿನಲ್ಲಿದ್ದನು. ಭಾಗೀರಥಿಯು ತವರಿಗೆ ಹೋಗಿ ಬಂದಳು; ಗಂಗೆಯ ಪೂಜೆಗೆಂದು ಎಲ್ಲರೊಡನೆ ಕೆರೆಗೆ ನಡೆದಳು; ಮರೆತುಬಂದ ಬಂಗಾರದ ಬಟ್ಟಲನ್ನು ತರುವುದಕ್ಕೆ ಹಿಂದಿರುಗಿದಳು; ಕೆರೆ ತುಂಬಿತು. ಕೆಟ್ಟ ಕನಸು ಕಂಡು ಕುದುರೆಯೇರಿ ಬಂದ ಗಂಡನು ನಿಜವನ್ನು ಅರಿತು ಅದೇ ನೀರಿಗೆ ಹಾರಿದನು.

ಇದನ್ನು ತ್ಯಾಗದ ಕಥೆಯೆಂದು ಕೊಂಡಾಡುವುದು ವಾಡಿಕೆಯಾಗಿರುವುದು. ಊರಿನ ಹಿತಕ್ಕಾಗಿ ಪ್ರಾಣವನ್ನು ಕೊಟ್ಟ ಸಾಧ್ವಿಯೆಂದು ಭಾಗೀರಥಿಯನ್ನು ಮಕ್ಕಳಿಗೆ ತೋರಿಸಿಕೊಡುವವರು ಇಂದಿಗೂ ಉಂಟು. ಆದರೆ ಹಾಡು ಹಾಗೆಂದು ಹೇಳುವುದೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ, ಕೊಲೆಯ ವಿಷಯದಲ್ಲಿ ಕನ್ನಡದಲ್ಲಿ ಅತ್ಯಂತ ಸೂಕ್ಷ್ಮವಾಗಿ ವಿಚಾರಮಾಡಿದ ಇನ್ನೊಂದು ಕೃತಿಯನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಅದು ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನನು ೧೨೦೯ರಲ್ಲಿ ಮುಗಿಸಿದ ‘ಯಶೋಧರ ಚರಿತೆ’.

ಜನ್ನನ ಕಾವ್ಯವು ಬಲಿಪೀಠದ ಮುಂದೆಯೇ ಪ್ರಾರಂಭವಾಗುವುದು. ಮಾರಿದತ್ತನೆಂಬ ಅರಸನು ಚಂಡಮಾರಿಗೆ ಬಲಿಕೊಡುವುದಕ್ಕಾಗಿ ತರಿಸಿದ ಎಳೆಯರಿಬ್ಬರಲ್ಲಿ ಅಭಯರುಚಿಯು ತನ್ನ ಪೂರ್ವಜನ್ಮಗಳ ಕಥೆಯನ್ನು ಹೇಳುವನು. ಕತ್ತಿಯ ಕೆಳಗೆ ನಿಂತು ಹೇಳಿದ ಕಥೆಯಿದು. ಕೇಳಿದವನು ಕೊಲ್ಲುವುದನ್ನೇ ಬಿಟ್ಟನು. ಉಜ್ಜಯಿನಿಯ ಯಶೋಧರನು ತನ್ನ ರಾಣಿ ಅಮೃತಮತಿಯು ವಿಕಾರರೂಪನಾದ ಮಾವುತನೊಬ್ಬನ ಹಾಡಿಗೆ ಮರುಳಾಗಿ ಅವನ ಬಳಿಗೆ ಹೋಗುವುದನ್ನು ಕಣ್ಣಾರೆ ಕಂಡು, ಕತ್ತಿಯನ್ನೆತ್ತಿ, ತಡೆದುಕೊಳ್ಳುವನು. ನಿಜವನ್ನು ತಾಯಿಗೆ ತಿಳಿಸಲಾರದೆ ಕೆಟ್ಟ ಕನಸಿನ ನೆಪವನ್ನು ಹೂಡುವನು. ತಾಯಿ ಚಂದ್ರಮತಿಯು ಶಾಂತಿಗಾಗಿ ಪ್ರಾಣಿಬಲಿಯನ್ನು ಬೇಡುವಳು. ಮಗನು ಒಪ್ಪುವುದಿಲ್ಲ. ಕೊನೆಗೆ ಇಬ್ಬರ ನಡುವೆ ರಾಜಿಯಾಗಿ, ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯುವುದೆಂದು ನಿಶ್ಚಯವಾಗುವುದು. ಕಡಿದ ಕ್ಷಣದಲ್ಲಿ ಆ ಕೋಳಿ ಕೂಗಿತು. ಅದರೊಳಗೆ ಬೆಂತರವೊಂದು ಹೊಕ್ಕಿದ್ದಿತು.

ಆ ಕೂಗಿನಿಂದ ಮುಂದೆ ಕಾವ್ಯದ ನ್ಯಾಯವು ಪ್ರಾರಂಭವಾಗುವುದು. ಅಮೃತಮತಿಯು ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಲ್ಲುವಳು. ಸತ್ತ ತಾಯಿಮಕ್ಕಳು ನವಿಲೂ ನಾಯಿಯೂ ಆಗಿ ಹುಟ್ಟಿ, ಅನಂತರ ಬೇರೆ ಬೇರೆ ಮೃಗಜನ್ಮಗಳನ್ನೆತ್ತಿ, ಜನ್ಮಜನ್ಮದಲ್ಲಿಯೂ ಹಿಂಸೆಯಿಂದಲೇ ಸಾಯುವರು. ತಾನು ಪಾಲಿಸಿದ ಅರಮನೆಯಲ್ಲಿಯೇ, ತನ್ನ ಮಗನ ಕಣ್ಣೆದುರಿಗೇ ಮೃಗವಾಗಿ ಸಾಯುವ ಯಶೋಧರನ ಗತಿಯು ಎಂತಹ ವಾಚಕನನ್ನಾದರೂ ಕಲಕದಿರದು. ಆದರೆ ಲೆಕ್ಕವನ್ನು ನೋಡಬೇಕು. ನಿಜವಾಗಿ ಎರಡು ಪ್ರಾಣಗಳನ್ನು ತೆಗೆದವಳಿಗೆ ನರಕವು ದೊರೆತುದೇನೋ ಸರಿ; ಕವಿಯು ಅದನ್ನು ಬೇಗ ಹೇಳಿ ಮುಗಿಸುವನು. ಪ್ರಾಣವೇ ಇಲ್ಲದ ಹಿಟ್ಟಿನ ಮುದ್ದೆಯನ್ನು ಕಡಿದವರ ಬೆನ್ನುಹತ್ತಿ ಜನ್ಮದಿಂದ ಜನ್ಮಕ್ಕೆ ನಡೆಯುವನು. ಸಂಕಲ್ಪಹಿಂಸೆಯು ಹಿಂಸೆಯೇ ಎಂಬ ಜೈನತತ್ತ್ವವನ್ನು ಸ್ಥಾಪಿಸುವುದು ಅವನ ಗುರಿಯೆಂಬುದು ಸ್ಪಷ್ಟ. ಆದರೂ ಮೃಗಜನ್ಮಗಳ ಸಾಲು ನಡುನಡುವೆ ಸಾಹುಕಾರನ ಖಾತೆಯ ಪುಸ್ತಕದಂತೆ ಕಾಣುವುದನ್ನು ಮರೆಮಾಡಬೇಕಾಗಿಲ್ಲ. ವಾಚಕರ ಮನಸ್ಸಿನಲ್ಲಿ ನಿಲ್ಲುವುದು ಆ ಸಾಲಲ್ಲ. ಇರುಳಿನಲ್ಲಿ ಹಾಡನ್ನು ಕೇಳಿದ ಅಮೃತಮತಿ, ಮತ್ತು ಹಿಟ್ಟಿನ ಕೋಳಿಯ ಕೂಗು. ಗಿರೀಶ ಕಾರ್ನಾಡರು ೧೯೮೦ರಲ್ಲಿ ‘ಹಿಟ್ಟಿನ ಹುಂಜ’ವನ್ನು ಬರೆದಾಗ ಈ ಕಥೆಯಿಂದ ಎತ್ತಿಕೊಂಡ ಹೆಸರೂ ಆ ಕೋಳಿಯದೇ.

ದಂಡಶಾಸ್ತ್ರವು ಈ ವಿಷಯದಲ್ಲಿ ಜನ್ನನಿಗೆ ತೀರ ಪರಕೀಯವೆಂದು ತಿಳಿಯಬಾರದು. ೧೮೬೦ರ ದಂಡಸಂಹಿತೆಯ ೫೧೧ನೆಯ ಕಲಮಿನಲ್ಲಿ ಒಂದು ಉದಾಹರಣೆಯಿದ್ದಿತು: ಒಡವೆಯನ್ನು ಕದಿಯಲು ಪೆಟ್ಟಿಗೆಯನ್ನೊಡೆದವನು ಅದರೊಳಗೆ ಏನನ್ನೂ ಕಾಣದಿದ್ದರೂ ಕಳವಿನ ಪ್ರಯತ್ನಕ್ಕೆ ಅಪರಾಧಿಯೇ. ಬರಿದಾದ ಪೆಟ್ಟಿಗೆಗೂ ಹಿಟ್ಟಿನ ಕೋಳಿಗೂ ಬಹಳ ದೂರವಿಲ್ಲ. ಆದರೆ ಒಂದು ವ್ಯತ್ಯಾಸವುಂಟು. ಕಳ್ಳನು ಪೆಟ್ಟಿಗೆಯಲ್ಲಿ ಒಡವೆಯಿದೆಯೆಂದು ನಂಬಿದ್ದನು. ಯಶೋಧರನು ಅದು ಹಿಟ್ಟೆಂದು ಬಲ್ಲವನಾಗಿಯೇ ಕಡಿದನು. ಅವನ ಅಪರಾಧವು ಕೊಲ್ಲುವ ಬಯಕೆಯಲ್ಲಿರುವುದಕ್ಕಿಂತ, ಕೊಲೆಯ ವಿಧಿಯನ್ನು ಉಳಿಸಿಕೊಂಡು ಅದರ ಪಾಪವನ್ನು ಮಾತ್ರ ಕಳೆದುಕೊಳ್ಳಬಹುದೆಂದು ಬಗೆದ ಜಾಣ್ಮೆಯಲ್ಲಿರುವುದು. ತಾಯಿಯ ಮನಸ್ಸೂ ನೋಯಬಾರದು, ತನ್ನ ಧರ್ಮವೂ ಕೆಡಬಾರದು ಎಂದು ಹೂಡಿದ ಆ ರಾಜಿಯನ್ನೇ ಜನ್ನನು ಕ್ಷಮಿಸಲಿಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕಲ್ಲನಕೇರಿಗೆ ಹಿಂದಿರುಗಿದರೆ, ಅಲ್ಲಿಯೂ ಒಂದು ಜಾಣ್ಮೆಯು ಕಾಣಿಸುವುದು. ಅದರ ಗುರುತೇ ಬಂಗಾರದ ಬಟ್ಟಲು. ಭಾಗೀರಥಿಯನ್ನು ಯಾರೂ ನೂಕಲಿಲ್ಲ. ಯಾರ ಕೈಯಲ್ಲಿಯೂ ಕತ್ತಿಯಿರಲಿಲ್ಲ. ಒಬ್ಬನು ಹೊತ್ತಿಗೆಯನ್ನೋದಿದನು, ಒಬ್ಬನು ಸೊಸೆಯನ್ನು ಆರಿಸಿದನು, ಒಬ್ಬಳು ಅಕ್ಕಿಯನ್ನು ಹಸನುಮಾಡಿದಳು, ಒಬ್ಬಳು ನೀರು ಕಾಯಿಸಿದಳು. ಬಟ್ಟಲನ್ನು ಎಲ್ಲರೂ ಕೂಡಿ ಮರೆತರು. ಯಾರ ಪಾಲನ್ನು ಬಿಡಿಯಾಗಿ ತೆಗೆದುಕೊಂಡರೂ ಅದು ಮನೆಗೆಲಸವೇ ಹೊರತು ಬೇರೆಯಲ್ಲ. ಕೊಲೆಯನ್ನು ಇಷ್ಟು ಸಣ್ಣ ತುಣುಕುಗಳಾಗಿ ಮನೆಯವರಿಗೆಲ್ಲ ಹಂಚಿದ ಇನ್ನೊಂದು ಕಥೆಯು ಕನ್ನಡದಲ್ಲಿ ದೊರೆಯುವುದು ಕಷ್ಟ.

ಇದು ಕನ್ನಡದಲ್ಲಿ ಮಾತ್ರ ಇರುವ ಕಥೆಯೂ ಅಲ್ಲ. ಸೆರ್ಬಿಯದ ಜನರು ಸ್ಕಾದರ್ ಕೋಟೆಯನ್ನು ಕಟ್ಟಿದ ಮೂವರು ಅಣ್ಣತಮ್ಮಂದಿರ ಹಾಡನ್ನು ಹಾಡುವರು. ಮರುದಿನ ಊಟವನ್ನು ತರುವ ಹೆಂಡತಿಯನ್ನು ಗೋಡೆಯಲ್ಲಿಟ್ಟು ಕಟ್ಟಬೇಕೆಂದು ಮೂವರೂ ಆಣೆಮಾಡಿದರು. ಹಿರಿಯರಿಬ್ಬರು ತಮ್ಮ ಹೆಂಡಿರಿಗೆ ಗುಟ್ಟಾಗಿ ತಿಳಿಸಿಬಿಟ್ಟರು. ಮಾತಿಗೆ ತಪ್ಪದ ಕಿರಿಯವನ ಹೆಂಡತಿಯು ಸಿಕ್ಕಿದಳು. ಕಿರಿಯ ಸೊಸೆಯೇ ಅಗ್ಗವೆಂಬುದರಲ್ಲಿ ಎರಡು ನಾಡುಗಳಿಗೂ ಭೇದವಿಲ್ಲ! ಆದರೆ ಆ ಹೆಣ್ಣು ಕೂಗಿಕೊಂಡಳು, ಬೇಡಿಕೊಂಡಳು, ಕೂಸಿಗೆ ಹಾಲೂಡಿಸಲು ಗೋಡೆಯಲ್ಲಿ ಕಿಂಡಿಯನ್ನು ಬಿಡಿಸಿಕೊಂಡಳು. ಭಾಗೀರಥಿಯು ಏನನ್ನೂ ಬೇಡಲಿಲ್ಲ.

ಈ ಮೌನವನ್ನೇ ಹಿಡಿದು ಅವಳ ಒಪ್ಪಿಗೆಯಿದ್ದಿತೆಂದು ಕೆಲವರು ವಾದಿಸುವರು. ಹಾಡಿನ ತವರುಮನೆಯ ಭಾಗವನ್ನು ಅವರು ಮತ್ತೊಮ್ಮೆ ಓದುವುದು ಲೇಸು. ಅವಳು ತಂದೆತಾಯಿಗಳಿಗೆ ನಿಜವನ್ನು ಹೇಳುವುದಿಲ್ಲ. ಅತ್ತೆಮಾವಂದಿರು ತನ್ನನ್ನು ಬೇರೆ ಇಡುವರಂತೆ ಎಂದಷ್ಟೇ ಹೇಳುವಳು. ಅವರು ಅದಕ್ಕೆ ತಕ್ಕಂತೆ ಸಮಾಧಾನ ಹೇಳುವರು. ಗೆಳತಿಗೊಬ್ಬಳಿಗೆ ಮಾತ್ರ ನಿಜವನ್ನು ಬಿಚ್ಚುವಳು. ಗೆಳತಿಯ ಉತ್ತರವೂ, ಕೊಟ್ಟರೆ ಕೊಡಲಿ, ಇಟ್ಟಹಾಗೆ ಇರಬೇಕೆಂಬುದೇ. ಅಂದರೆ ಅವಳು ಬಾಗಿಲನ್ನು ತಟ್ಟದೆ ಇರಲಿಲ್ಲ. ತಟ್ಟಿದ ಬಾಗಿಲು ತೆರೆಯಲಿಲ್ಲ. ಹದಿನೆಂಟು ವಯಸ್ಸು ಮೀರಿದವನು ತಾನಾಗಿ ಒಪ್ಪಿ ಸಾವನ್ನು ಪಡೆದರೆ ಕೊಂದವನ ಅಪರಾಧವು ಕೊಲೆಗಿಂತ ಒಂದು ಮೆಟ್ಟಿಲು ಕೆಳಗಿಳಿಯುವುದೆಂದು ಹಳೆಯ ದಂಡಸಂಹಿತೆಯು ಹೇಳುತ್ತಿದ್ದಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ ೧೦೧ನೆಯ ಕಲಮೂ ಹಾಗೆಯೇ ಹೇಳುವುದು. ಆದರೆ ಭಯದಿಂದ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆಯೆಂದೇ ಎಣಿಸಬಾರದೆಂದೂ ಕಾನೂನಿನಲ್ಲಿರುವುದು. ಭಾಗೀರಥಿಯನ್ನಾದರೋ ಯಾರೂ ಕೇಳಲೇ ಇಲ್ಲ.

ನ್ಯಾಯಸ್ಥಾನದ ಮುಂದೆ ಈ ಮೊಕದ್ದಮೆಯು ಬಂದಿದ್ದರೆ ಸಾಕ್ಷ್ಯವೆಲ್ಲಿಂದ ಬರುತ್ತಿದ್ದಿತು? ಬಟ್ಟಲನ್ನು ತರಲು ಹೋದವಳು ಕಾಲುಜಾರಿದಳೆಂದು ಮನೆಯವರೆಲ್ಲರೂ ಒಂದೇ ಬಾಯಿಯಲ್ಲಿ ಹೇಳಿದ್ದರೆ ಅದನ್ನು ಅಲ್ಲಗಳೆಯುವವರು ಯಾರು? ಸಮಾನ ಉದ್ದೇಶದಿಂದ ಹಲವರು ಕೂಡಿ ಮಾಡಿದ ಕೃತ್ಯಕ್ಕೆ ಪ್ರತಿಯೊಬ್ಬನೂ ಪೂರ್ತಿ ಹೊಣೆಯೆಂಬ ನಿಯಮವೇನೋ ಹಳೆಯದು. ಅದನ್ನು ಅಡಿಗೆಮನೆಯ ಮತ್ತು ಬಾವಿಕಟ್ಟೆಯ ಸಾವುಗಳಿಗೆ ಹೊಂದಿಸುವುದು ಕಾನೂನಿಗೂ ಸುಲಭವಾಗಿರಲಿಲ್ಲ. ಮದುವೆಯಾದ ಏಳು ವರ್ಷಗಳೊಳಗೆ, ವರದಕ್ಷಿಣೆಗಾಗಿ ಪೀಡಿತಳಾದ ಹೆಣ್ಣು ಅಸಹಜವಾಗಿ ಸತ್ತರೆ ಗಂಡನನ್ನೂ ಅವನ ಮನೆಯವರನ್ನೂ ಹೊಣೆಮಾಡುವ ಕಲಮು ದಂಡಸಂಹಿತೆಯನ್ನು ಸೇರಿದುದು ೧೯೮೬ರಲ್ಲಿ. ಮನೆಯೊಳಗಿನ ಸಾವಿಗೆ ಹೊರಗಿನ ಸಾಕ್ಷಿ ದೊರೆಯುವುದು ದುರ್ಲಭವೆಂಬುದನ್ನು ಶಾಸನಕರ್ತರು ಆಗ ಒಪ್ಪಿಕೊಂಡರು. ಹೆಂಗಸರು ಹಾಡಿಕೊಂಡು ಬಂದ ಹಾಡಿಗೆ ಅದು ಮೊದಲೇ ಗೊತ್ತಿದ್ದಿತು.

ಹಾಗಾದರೆ ಈ ಹಾಡಿನಲ್ಲಿ ಕೊಲೆಯೆಂಬ ಮಾತನ್ನು ಯಾರೂ ಏಕೆ ಆಡುವುದಿಲ್ಲ? ರನ್ನನ ‘ಗದಾಯುದ್ಧ’ದಲ್ಲಿ, ತೊಡೆಮುರಿದು ಬಿದ್ದ ದುರ್ಯೋಧನನ ಬಳಿಗೆ ಅಶ್ವತ್ಥಾಮನು ಪಾಂಡವರವೆಂದು ಬಗೆದು ಐದು ತಲೆಗಳನ್ನು ತಂದಾಗ, ಅವು ಮಕ್ಕಳ ತಲೆಗಳೆಂದು ಗುರುತಿಸಿ ಮರುಗುವವನು ಶತ್ರುವಾದ ದುರ್ಯೋಧನನೇ. ಅಲ್ಲಿ ಹಗೆಯಾದರೂ ಕೃತ್ಯವನ್ನು ಅದರ ಹೆಸರಿನಿಂದ ಕರೆದನು. ಕಲ್ಲನಕೇರಿಯಲ್ಲಿ ನಂಟರೇ ತುಂಬಿದ್ದರೂ ಹೆಸರಿಟ್ಟು ಕರೆಯುವವರಿಲ್ಲ. ಆದರೆ ಹಾಡು ಆ ಹೆಸರನ್ನು ಬೇರೊಂದು ವಿಧದಲ್ಲಿ ಹೇಳಿಯೇ ಹೇಳುವುದು. ಮಾದೇವರಾಯನು ಬಂದು ಹೆಂಡತಿಯೆಲ್ಲಿ ಎಂದು ಕೇಳಿದಾಗ, ಅವಳು ತವರಿಗೆ ಹೋಗಿರುವಳೆಂದು ಮನೆಯವರು ಸುಳ್ಳಾಡುವರು. ಇಡೀ ಹಾಡಿನ ಬೀಗದ ಕೈಯಿರುವುದು ಇಲ್ಲಿ. ಅವಳು ಊರಿನ ಹಿತಕ್ಕಾಗಿ ಗಂಗೆಗೆ ಒಪ್ಪಿಸಿದ ಪವಿತ್ರವಾದ ಹಾರವಾಗಿದ್ದರೆ, ಅದನ್ನು ಕಟ್ಟಿಕೊಂಡ ಗಂಡನಿಗೆ ತಲೆಯೆತ್ತಿ ಹೇಳಬಹುದಾಗಿದ್ದಿತಲ್ಲವೆ? ತ್ಯಾಗವನ್ನು ಯಾರೂ ಬಚ್ಚಿಡುವುದಿಲ್ಲ. ಮಲ್ಲನಗೌಡನ ಮನೆಯವರಿಗೆ ತಾವು ಮಾಡಿದುದೇನೆಂದು ತಿಳಿದಿದ್ದಿತು, ಹಾಡುವವರಿಗೂ ತಿಳಿದಿದ್ದಿತು. ತಿಳಿಯದೆ ಉಳಿದವರು ಅದನ್ನು ತ್ಯಾಗವೆಂದು ಕೊಂಡಾಡುವ ವಿಮರ್ಶಕರು ಮಾತ್ರ.

ಯಶೋಧರನು ಕನಸಿನ ನೆಪದಿಂದ ನಿಜವನ್ನು ಮುಚ್ಚಿದನು. ಮಾದೇವರಾಯನಿಗೆ ಕನಸೇ ನಿಜವನ್ನು ತಿಳಿಸಿತು. ಜನ್ನನಿಗೆ ಜನ್ಮಾಂತರಗಳಿದ್ದುವು, ನರಕವಿದ್ದಿತು, ಕೊನೆಗೆ ಗುರುವೂ ದೀಕ್ಷೆಯೂ ಇದ್ದುವು. ಆದುದರಿಂದ ಅವನ ಕಾವ್ಯದಲ್ಲಿ ಪ್ರತಿಯೊಂದು ಪೆಟ್ಟಿಗೂ ಪ್ರತಿಫಲವುಂಟು. ಹಾಡಿದ ಹೆಂಗಸರ ಬಳಿ ಅವೊಂದೂ ಇರಲಿಲ್ಲ. ಅವರು ಗೌಡನಿಗೆ ಯಾವ ಶಾಪವನ್ನೂ ಕೊಡಿಸಲಿಲ್ಲ, ಹೊತ್ತಿಗೆಯನ್ನೋದಿದವನ ನಾಲಗೆಯೂ ಸೇದಿಹೋಗಲಿಲ್ಲ. ಗೆಳತಿಯ ಬಾಯಿಂದ ನಿಜವನ್ನು ಹೊರಡಿಸಿ, ಮಾದೇವರಾಯನನ್ನು ಆ ನೀರಿಗಿಳಿಸಿ ಹಾಡನ್ನು ಮುಗಿಸಿದರು. ತುಂಬಿದ ಕೆರೆಯಿಂದ ಗದ್ದೆಗಳು ಹಸಿರಾದುವೆಂದಾಗಲಿ, ಊರು ಬೆಳೆಯಿತೆಂದಾಗಲಿ ಅದರಲ್ಲಿ ಒಂದು ನುಡಿಯೂ ಇಲ್ಲ.